ಹಿಮ್ಮುಖವಾಗಿ ಹತ್ತುವ ದಾರಿ

"ಒಂದು ಗಳಿಗೆ ಕತ್ತು ನೇರ ಮಾಡ್ಕೊಳ್ಳೇ ತಾಯಿ, ನೋಡೋಕೇ ನೋವಾಗ್ತದೆ," ಎಂದಳು ಪಕ್ಕದಲ್ಲಿ ಕೂತಿದ್ದ ಮುದುಕಿ.

ಓಪಲ್ ನೇರ ಮಾಡಲಿಲ್ಲ. ಗಲ್ಲವನ್ನು ಭುಜಕ್ಕೊತ್ತಿ, ಹಿಂದಕ್ಕೆ ನೋಡುತ್ತ, ಆ ಹಳೆಯ ಕಾರನ್ನು ಹಿಮ್ಮುಖವಾಗಿಯೇ ಗುಡ್ಡ ಹತ್ತಿಸುತ್ತಿದ್ದಳು. ಅರಿಜೋನಾದ ಆ ಬೋಳುಗುಡ್ಡದಲ್ಲಿ ಚಿನ್ನದ ಗಣಿಯ ಕಾಲಕ್ಕೆ ಹೇಸರಗತ್ತೆಗಳಿಗೆಂದು ಕಡಿದ ದಾರಿ ಅದು. ಮೂತಿ ಮೇಲೆ ಮಾಡಿ ಹತ್ತಿದರೆ ಸೀಟಿನಡಿಯ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲು ಹರಿಯದೆ ಇಂಥ ಕಾರುಗಳು ಅರ್ಧಕ್ಕೇ ಉಸಿರು ಬಿಡುತ್ತಿದ್ದವು. ಏರು ಕಂಡು ಹೆದರಿದವರು ಬುಡದಲ್ಲಿದ್ದ ಹಾರ್ಲನ್‌ನ ಗ್ಯಾರೇಜಿನ ಮುಂದೆ ನಿಲ್ಲುತ್ತಿದ್ದರು. ಹಾರ್ಲನ್ ಹೆಂಡತಿ ಓಪಲ್‌ಳನ್ನು ಕರೆಯುತ್ತಿದ್ದ. ಅವಳು ಕಾರನ್ನು ನೆತ್ತಿಗೆ ಮುಟ್ಟಿಸಿ, ನಡೆದುಕೊಂಡು ಇಳಿದು ಬರುತ್ತಿದ್ದಳು.

ಕತ್ತು ನೇರ ಮಾಡಿದರೆ ಎದುರಿಗೆ ಕಾಣುವುದು ಅದೇ ಗ್ಯಾರೇಜು. ತಗಡಿನ ಸೂರು, ಅದರಡಿ ಕುರ್ಚಿ, ಕುರ್ಚಿಯಲ್ಲಿ ದುರ್ಬೀನು ಹಿಡಿದ ಹಾರ್ಲನ್. ಎಷ್ಟು ತಿರುವು ದಾಟಿದರೂ ಅವನು ಚಿಕ್ಕವನಾಗುತ್ತಿದ್ದನೇ ಹೊರತು ಮರೆಯಾಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅಪ್ಪನ ಕಾರು ಅಲ್ಲೇ ಕೆಟ್ಟು ನಿಂತಿತ್ತು. ಅಪ್ಪನಿಗೆ ಹೊಸ ಆಕ್ಸಲ್ ಸಿಕ್ಕಿತು, ತಮ್ಮಂದಿರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತರು, ಆಕ್ಸಲ್ಲಿನ ಲೆಕ್ಕಕ್ಕೆ ಓಪಲ್ ಅಲ್ಲೇ ಉಳಿದಳು. ಆಗ ಅವಳಿಗೆ ಹದಿನೇಳು.

"ಬೆವರು ನೋಡು, ಹೆಂಗಿಳೀತಿದೆ." ಮುದುಕಿಯ ಹೆಸರು ಯೂಡೋರಾ. ಗಂಡ ತೀರಿಕೊಂಡ ಮೇಲೆ, ಗುಡ್ಡದಾಚೆ ದೂರದ ಗ್ಯಾಲಪ್ ಪಟ್ಟಣದ ತಂಗಿಯ ಮನೆಗೆ ತನ್ನ ಈ ಕಾರಿನಲ್ಲಿ ಒಬ್ಬಳೇ ಹೊರಟಿದ್ದಳು. ಕರವಸ್ತ್ರ ಚಾಚಿದ ಅವಳ ಕೈ ನಡುವೆಯೇ ನಿಂತಿತು. "ಅಲ್ವೇ, ಈ ಉರಿಯಲ್ಲಿ ಒಂದರ ಮೇಲೊಂದು ಎರಡು ಫ್ರಾಕು ಹಾಕ್ಕೊಂಡಿದ್ದೀಯಲ್ಲೇ?"

ಓಪಲ್ ಭುಜಕ್ಕೇ ಬೆವರು ಒರೆಸಿಕೊಂಡಳು. ಗಂಟು ಕಟ್ಟಿದರೆ ಹಾರ್ಲನ್‌ಗೆ ಕಾಣುತ್ತದೆ. ಮೈಮೇಲಿದ್ದರೆ ಬರೀ ಬಟ್ಟೆ. ಈ ಬೇಸಗೆಯಲ್ಲಿ ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ನೆತ್ತಿಯಲ್ಲಿ ಇಳಿದು, ಎರಡು ಫ್ರಾಕಿನೊಳಗೆ ಬೇಯುತ್ತ ಮನೆಗೆ ಮರಳಿದ್ದಳು.

"ಆಚೆಯ ಇಳಿಜಾರು ನೀವೇ ಓಡಿಸ್ತೀರಾ ಅಮ್ಮಾ?" ಎಂದಳು.

"ಸಪಾಟಾದ್ರೆ ಸೈ. ಇಳಿಜಾರಲ್ಲಿ ನಾನು ಕಣ್ಣು ಮುಚ್ಕೊಂಡ್‌ಬಿಡ್ತೀನಿ." ಮುದುಕಿ ಸ್ವಲ್ಪ ಹೊತ್ತು ಫ್ರಾಕಿನ ಅಂಚನ್ನೇ ನೋಡಿದಳು. "ಗ್ಯಾಲಪ್ಪಿನವರೆಗೂ ಬಂದ್ರೆ ನಂಗೇನೂ ಬೇಜಾರಿಲ್ಲ. ಮುಂದಕ್ಕೆ ಓಡಿಸೋಕೆ ಬರುತ್ತಾ?"

"ಓಡಿಸೇ ಇಲ್ಲ."

"ಸರಿ ಹೋಯ್ತು. ಕಣ್ಣು ಮುಚ್ಚೋಳು ನಾನು, ಮುಂದೆ ಹೋಗದೋಳು ನೀನು!"

ನೆತ್ತಿಯಲ್ಲಿ ಕಾರುಗಳಿಗೆ ನೀರು ಮಾರುತ್ತಿದ್ದವನು ಹಾರ್ಲನ್‌ನ ತಮ್ಮ ಕ್ಲೆಮ್. ಅತ್ತಿಗೆ ಕಾರಿನಿಂದ ಇಳಿದ ಮೇಲೆ ಕೆಳಗಿನವನಿಗೆ ಕನ್ನಡಿ ಹೊಳೆಯಿಸಿ ತೋರಿಸಬೇಕೆಂದು ಅಣ್ಣನ ಕಟ್ಟಪ್ಪಣೆ. ಹೇಗಿದ್ದರೂ ಇಳಿಯುವವಳೇ ಎಂದುಕೊಂಡು ಕ್ಲೆಮ್ ಈಚೀಚೆಗೆ ಕಾರು ನೆತ್ತಿ ಮುಟ್ಟಿದ ಕೂಡಲೇ ಹೊಳೆಯಿಸಿ, ನೆರಳಿಗೆ ಬಂದು ಕೂರುತ್ತಿದ್ದ. ಓಪಲ್ ಕಾರನ್ನು ಹಿಮ್ಮುಖವಾಗಿಯೇ ತಿರುಗಿಸಿ, ಮೂತಿಯನ್ನು ಆಚೆಯ ಇಳಿಜಾರಿಗೆ ಮಾಡಿ ನಿಲ್ಲಿಸುವ ಹೊತ್ತಿಗೆ ಕನ್ನಡಿ ಅವನ ಜೇಬು ಸೇರಿತ್ತು.

"ಇಳೀರಿ ಅತ್ತಿಗೆ, ಒಂದು ಲೋಟ ನೀರು ಕುಡೀರಿ. ಇವತ್ತು ನಾನು ಧರ್ಮಾತ್ಮ, ನಾಳೆ ಕೇಳ್ಬೇಡಿ."

ಅವಳ ಕೈ ತಾನೇ ತಾನಾಗಿ ಬಾಗಿಲ ಹಿಡಿಗೆ ಹೋಯಿತು.

"ಕನ್ನಡಿ ತೋರಿಸಿ ಆಯ್ತಾ, ಕ್ಲೆಮ್?"

"ಓ, ಆಗ್ಲೇ. ಅಣ್ಣ ಇಷ್ಟೊತ್ತಿಗೆ ಯಾವ್ದೋ ಕಾರಿನಡಿ ಮಲಗಿರ್ತಾನೆ."

ಹಿಡಿಯನ್ನು ಬಿಟ್ಟಳು. ಎಂದೂ ತುಳಿಯದ, ಮುಂದಕ್ಕೆ ಒಯ್ಯುವ ಎಡಗಡೆಯ ಪೆಡಲನ್ನು ತುಳಿದಳು. ಕಾರು ಒಮ್ಮೆ ಬೆಚ್ಚಿದಂತೆ ಜಿಗಿದು, ಮುಂದಕ್ಕೆ ಉರುಳಿತು.

"ಅತ್ತಿಗೇ! ತಮಾಷೆ ಸಾಕು! ಅಣ್ಣ ನನ್ನ ಚರ್ಮ ಸುಲೀತಾನೆ!"

ಕ್ಲೆಮ್ ನಾಲ್ಕು ಹೆಜ್ಜೆ ಬೆನ್ನಟ್ಟಿದ. ಆಮೇಲೆ ತಿರುಗಿ, ಗುಡ್ಡದ ಆ ಅಂಚಿಗೆ ಓಡಿಹೋಗಿ, ಯಾರೂ ನೋಡದ ಗ್ಯಾರೇಜಿನ ಕಡೆಗೆ ಕನ್ನಡಿಯನ್ನು ಹೊಳೆಯಿಸತೊಡಗಿದ. ಹೊಳೆಯಿಸಿದ, ಮತ್ತೆ ಹೊಳೆಯಿಸಿದ. ಓಪಲ್‌ಗೆ ಅದೆಲ್ಲ ಕಂಡಿತು. ಅವಳ ಗಲ್ಲ ಇನ್ನೂ ಭುಜದ ಮೇಲೇ ಇತ್ತು.

ಮೊದಲ ತಿರುವು ಬಂತು. ಕಣ್ಣು ಮುಚ್ಚಿಕೊಂಡೇ ಇದ್ದ ಮುದುಕಿ ಕೈ ಚಾಚಿ, ತಡಕಾಡಿ, ಅವಳ ಬೆವೆತ ಕೆನ್ನೆಯನ್ನು ಹುಡುಕಿ, ಮೆಲ್ಲಗೆ ಮುಂದಕ್ಕೆ ತಿರುಗಿಸಿದಳು.