ಎಡಗೈಯ ಹದಿನೈದು ಅಕ್ಷರ

ಮೂವತ್ತೆಂಟು, ಮೂವತ್ತೊಂಬತ್ತು, ಅಗೋ ನಲವತ್ತನೆಯದೂ ಹೊತ್ತಿಕೊಂಡಿತು, ಅಲ್ಲೂ ಅವಳೇ — ಗುಂಡನೆಯ ಚೌಕಟ್ಟಿನೊಳಗೆ ಒಂದು ಕಿವಿಗೆ ಹೆಡ್‌ಫೋನು ಏರಿಸಿ ಇನ್ನೊಂದನ್ನು ಬರಿದೇ ಬಿಟ್ಟ ಹುಡುಗಿ, ಕೆಳಗೆ ಕೆಂಜಿಗ ಎಂದು ತಾನೇ ಇಟ್ಟುಕೊಂಡ ಹೆಸರು, ಅದರ ಕೆಳಗೆ ಪಾಸ್‌ವರ್ಡಿನ ಖಾಲಿ ಜಾಗದಲ್ಲಿ ಮಿಣುಕುವ ಗೆರೆ, ನಲವತ್ತು ಗೆರೆಗಳು, ಒಂದಕ್ಕೊಂದು ತಾಳ ಕೂಡದೆ ಮಿಣುಕುತ್ತ ಇಡೀ ಕೋಣೆಯೇ ಕಣ್ಣು ಪಿಳುಕಿಸಿದ ಹಾಗೆ, ಲ್ಯಾಬ್ ಸಹಾಯಕ ಸ್ವಿಚ್ ಬೋರ್ಡಿನ ಮೇಲಿಂದ ಕೈ ತೆಗೆಯಲಿಲ್ಲ, ಮೂರು ದಿನದಿಂದ ಇದೇ, ಒಂಬತ್ತೂವರೆಗೆ ಕರೆಂಟು ಕೊಟ್ಟರೆ ಸತ್ತವಳ ಮುಖ ನಲವತ್ತು ಸಲ, ಯಾರ ಮಾಟವೂ ಅಲ್ಲ, ದೆವ್ವದ ಕಾಟವೂ ಅಲ್ಲ, ಅವನದೇ ಕೈಗೆಲಸ, ರಜೆಯಲ್ಲಿ ಒಂದು ಮಿಷಿನ್ನನ್ನು ಚೊಕ್ಕಟಮಾಡಿ ಅದರ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಉಳಿದ ಮೂವತ್ತೊಂಬತ್ತಕ್ಕೂ ನಕಲು ಇಳಿಸುವುದು ಹನ್ನೆರಡು ವರ್ಷದ ಪದ್ಧತಿ, ಯಾವಾಗಲೂ ಒಂದನೇ ನಂಬರಿನಿಂದ, ಈ ಸಲ ಒಂದನೇ ನಂಬರಿಗೆ ವೈರಸ್ ಹತ್ತಿ ಕೂತಿತ್ತು, ಹೋಗಲಿ ಹದಿನೇಳು ಚೆನ್ನಾಗಿ ಓಡುತ್ತಿದೆಯಲ್ಲ ಎಂದು ಹದಿನೇಳರಿಂದಲೇ ಇಳಿಸಿದ, ಅದರಲ್ಲಿ ಇವಳ ಖಾತೆಯೊಂದು ಬೀಗ ಹಾಕಿಸಿಕೊಂಡು ಕೂತಿದೆ ಎಂಬುದು — ಬೀಗ ಹಾಕಿದವನು ತಾನೇ ಎಂಬುದು — ಆ ಹೊತ್ತಿಗೆ ನೆನಪಾಗಲಿಲ್ಲವೋ, ನೆನಪಾಗದಂತೆ ಮನಸ್ಸೇ ಅಡ್ಡ ನಿಂತಿತ್ತೋ. ಹೊಸ ಹುಡುಗರು ಯಾವುದೋ ಜಾಹೀರಾತಿನ ಹುಡುಗಿ ಎಂದುಕೊಂಡರು, ಹಳಬರು ಗೊತ್ತಿದ್ದೂ ಫೋನು ತೆಗೆದು ಫೋಟೋ ಹೊಡೆದುಕೊಂಡರು, ಒಬ್ಬಳು ಅಳುತ್ತ ಹೊರಗೆ ಹೋದಳು, ವಿಭಾಗದ ಮುಖ್ಯಸ್ಥರು ಬಂದು ಕನ್ನಡಕ ಹಣೆಗೇರಿಸಿ, ಏನ್ರೀ ಇದು, ಪರೀಕ್ಷೆ ಹಾಲೋ ಶ್ರದ್ಧಾಂಜಲಿ ಸಭೆಯೋ, ನಾಳೆ ಎರಡು ಗಂಟೆಗೆ ಪ್ರಾಕ್ಟಿಕಲ್ ಇದೆ, ಅಷ್ಟರೊಳಗೆ ಒರೆಸಿ ಹಾಕ್ರಿ, ಅಂದರು, ಆ ನಾಳೆ ಇವತ್ತು. ಒರೆಸುವುದಕ್ಕೇನು, ಒಂದು ಸಾಲು ಆಜ್ಞೆ, ಬೆರಳು ತಾಗಿಸಿದರೆ ನಲವತ್ತು ಕಡೆಯೂ ಒಟ್ಟಿಗೆ ಮಾಯ, ಬಿಸಿ ಚಹಾ ಆರುವುದರೊಳಗೆ ಮುಗಿಯುವ ಕೆಲಸ, ಆದರೆ ಹೊರಗೆ ಬೆಂಚಿನ ಮೇಲೆ ಅವಳ ತಾಯಿ ಬಂದು ಕೂತಿದ್ದಾಳೆ, ಕಚೇರಿಯಲ್ಲಿಟ್ಟ ಮಗಳ ಅಂಕಪಟ್ಟಿ ವಾಪಸು ಬೇಕಂತೆ, ಅದಕ್ಕೆ ಗ್ರಂಥಾಲಯ, ಆಟದ ಸಾಮಾನಿನ ಕೋಣೆ, ಲ್ಯಾಬ್, ಮೂರು ಕಡೆಯ ಸಹಿ, ಸತ್ತವರಿಗೂ ನಿಯಮ ನಿಯಮವೇ, ಎರಡು ಸಹಿ ಆಗಿದೆ, ಮೂರನೆಯದು ಇವನದು. ಬಾಗಿಲಲ್ಲೇ ಸಹಿ ಹಾಕಿ ಕಳಿಸಿಬಿಡಬಹುದು, ಒಳಗೆ ಕರೆಯದೆ, ಕಳಿಸಿ ಬಂದು ಬೆರಳು ತಾಗಿಸಿದರೆ ಆಯಿತು, ಹಿಂದೊಮ್ಮೆ ಈ ತಾಯಿ ಕೇಳಿದ್ದಕ್ಕೆ ತಾನು ಹೇಳಿದ ಸುಳ್ಳೂ ಅದರ ಜೊತೆಗೇ ಒರೆಸಿಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಮುಗಿಯುತ್ತದೆಯೇ, ಈ ಕೋಣೆಯಲ್ಲಿ ಯಾವುದಾದರೂ ಯಾವತ್ತಾದರೂ ಮುಗಿದಿದೆಯೇ, ಅಳಿಸಿದ್ದು ಬೇರೆ ಹೆಸರಿನಲ್ಲಿ ಮತ್ತೆ ಎದ್ದು ಕೂರುವುದೇ ಇಲ್ಲಿಯ ಚರಿತ್ರೆ. ಸಿನಿಮಾ, ಆಟ ಹಂಚಿಕೊಳ್ಳುವುದು ಎಂಬ ಮಾತು ಕೇಳಿದರೇ ಅವನಿಗೆ ಮೈ ಉರಿಯುತ್ತಿತ್ತು, ಕದ್ದದ್ದಕ್ಕೆ ಈಗಿನವರಿಟ್ಟ ಮುದ್ದಿನ ಹೆಸರು ಅದು, ಆಮೇಲೆ ಇದೂ ಅನ್ನಿಸುತ್ತಿತ್ತು, ದುಡ್ಡು ಕೊಟ್ಟು ಕೊಂಡದ್ದು ಆನ್‌ಲೈನ್ ಅಂಗಡಿಯವನ ಮನಸ್ಸು ತಿರುಗಿದರೆ ಒಂದು ಬೆಳಿಗ್ಗೆ ಕಾಣೆಯಾಗುತ್ತದೆ, ದುಡ್ಡು ಕೊಡದೆ ಇಳಿಸಿಕೊಂಡದ್ದು ಮಾತ್ರ ನಿಷ್ಠೆಯಿಂದ ಸಾಯುವ ತನಕ ಜೊತೆಗಿರುತ್ತದೆ, ಎಂಥ ಕಾಲ, ಆದರೆ ಇಂಥದ್ದನ್ನು ಸಹಾಯಕರು ಯೋಚಿಸಬಾರದು, ಸಹಾಯಕರು ತೂತು ಮುಚ್ಚಬೇಕು. ಮುಚ್ಚಿದ. ಪೆನ್ ಡ್ರೈವ್ ಚುಚ್ಚುವ ಎಂಬತ್ತು ತೂತುಗಳಿಗೆ ಒಂದು ಭಾನುವಾರ ಪೂರ್ತಿ ಕೂತು ಮೊಳೆಯ ತುದಿಯಿಂದ ಅಂಟು ತುಂಬಿದ, ಅಂದಿನಿಂದ ಹುಡುಗರ ಬಾಯಲ್ಲಿ ಗೋಂದಪ್ಪ, ಗೋಂದಪ್ಪ ಬಂದ ಕಣ್ರೋ, ಗೋಂದಪ್ಪನ ಕೈಲಿ ಕೈ ಕುಲುಕ್ಬೇಡಿ ಅಲ್ಲೇ ಅಂಟ್ಕೋತೀರ, ಮನೆಗೆ ಬಂದು ಹೇಳಿಕೊಂಡರೆ ಹೆಂಡತಿ ನಕ್ಕು ನಕ್ಕು ಸಾಕಾಗಿ, ಸರಿಯಾಗೇ ಇಟ್ಟಿದಾರೆ, ನಿಮಗೆ ಮಿಷಿನ್ ಹತ್ರ ಮಾತಾಡೋಕೆ ಬರುತ್ತೆ, ಮನುಷ್ಯರು ಬಂದ್ರೆ ಫಾರಂ ತುಂಬಿ ಅಂತೀರ, ಅಂದಳು. ಇಡೀ ವಿಭಾಗದಲ್ಲಿ ಅಂಟು ಕಾಣದ ತೂತು ಒಂದೇ, ಮುಖ್ಯಸ್ಥರ ಮೇಜಿನದು, ಶನಿವಾರ ಅವರೇ ಪೆನ್ ಡ್ರೈವ್ ಮುಂದೆ ಚಾಚಿ, ಏನಾದ್ರೂ ಒಳ್ಳೇದಿದ್ರೆ ಹಾಕಿಡ್ರಿ, ನಮ್ಮನೆಯವರು ನೋಡ್ತಾರೆ, ಅನ್ನುತ್ತಾರೆ, ಒಳ್ಳೆಯದು ಎಂದರೆ ಹುಡುಗರಿಂದ ಕಿತ್ತುಕೊಂಡ ಸಿನಿಮಾಗಳು, ಒಬ್ಬರ ತಪ್ಪು ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋದಾಗ ಮನರಂಜನೆಯಾಗುತ್ತದೆ. ತೂತು ಮುಚ್ಚಿದ ಮೇಲೆ ಹುಡುಗರು ಸುಮ್ಮನಿದ್ದರೇ, ಒಂದು ಮಿಷಿನ್ನಿನಿಂದ ಇನ್ನೊಂದಕ್ಕೆ ಒಳಗಿಂದೊಳಗೇ ದಾರಿ ಮಾಡಿಕೊಂಡರು, ಹದಿನೇಳರಲ್ಲಿ ಒಂದು ಫೋಲ್ಡರು, ಪ್ರಾಕ್ಟಿಕಲ್ ರೆಕಾರ್ಡ್ ಎಂಬ ಸಭ್ಯ ಹೆಸರು, ಬಿಚ್ಚಿದರೆ ಇನ್ನೂರು ಸಿನಿಮಾ, ಅರವತ್ತು ಆಟ, ಖಾತೆ ಕೆಂಜಿಗನದು. ಅವಳನ್ನು ಕರೆಸಿದ, ಬಂದು ನಿಂತಳು, ಕತ್ತಿನಲ್ಲಿ ಹೆಡ್‌ಫೋನು, ಸರ್ ಅದರಲ್ಲಿ ನಾನು ಹಾಕಿದ್ದು ಒಂದೇ, ಉಳಿದಿದ್ದೆಲ್ಲ ಬೇರೆಯವರದು, ನಮ್ಮನೆ ಮೆಟ್ಟಿಲ ಮೇಲೆ ಯಾರೋ ಕೂತು ಹರಟೆ ಹೊಡೆದ್ರೆ ನಾನೇನ್ ಮಾಡ್ಲಿ. ಬಾಗಿಲು ತೆಗೆದಿಟ್ಟವಳು ನೀನೇ ತಾನೇ, ಅಂದ ಇವನು. ತೆಗೆದಿಟ್ರೆ ತಾನೇ ಸರ್ ಯಾರಾದ್ರೂ ಬಂದು ನೋಡಿ ಇಲ್ಲಿ ಸರಿ ಇಲ್ಲ ಅಲ್ಲಿ ಸರಿ ಇಲ್ಲ ಅನ್ನೋದು. ಕದ್ದ ಮಾಲು ಇಟ್ಕೊಂಡು ಮಾತು ಬೇರೆ. ಕದಿಯೋದು ಅಂದ್ರೆ ಅವರ ಹತ್ರ ಇಲ್ಲದ ಹಾಗೆ ಆಗ್ಬೇಕಲ್ವಾ ಸರ್, ಇಲ್ಲಿ ಅವರ ಹತ್ರಾನೂ ಇದೆ ನಮ್ಮ ಹತ್ರಾನೂ ಇದೆ. ವಾದ ಮಾಡೋಕೆ ಕಾನೂನು ಕಾಲೇಜಿಗೆ ಹೋಗಮ್ಮ, ಇನ್ನೊಂದು ತಿಂಗಳು ನಿನ್ನ ಖಾತೆ ಬಂದ್ — ಒಂದೇ ಒಂದು ಹಾಕಿದ್ದೆ ಅಂದಳಲ್ಲ, ಯಾವುದು ಎಂದು ಕೇಳಬಹುದಿತ್ತು, ಕೇಳಲಿಲ್ಲ, ಕಸದ ಬುಟ್ಟಿಯಲ್ಲಿ ಯಾರು ಕೈಯಾಡಿಸಿ ನೋಡುತ್ತಾರೆ.

ಆಮೇಲೆ ಆ ಶುಕ್ರವಾರ, ಕಾರಿಡಾರಿನಲ್ಲಿ ನೆಲ ಒರೆಸಿದ ಫಿನಾಯಿಲಿನ ವಾಸನೆ, ಅವನು ತನ್ನ ಮೇಜಿನ ಪರದೆಯಲ್ಲಿ ಇಸ್ಪೀಟು ಜೋಡಿಸುತ್ತಿದ್ದ, ಹೌದು ಆಟವೇ, ಕರಿ ಎಂಟರ ಮೇಲೆ ಕೆಂಪು ಏಳು, ಆಡುವವರನ್ನು ಹಿಡಿಯುವವನಿಗೂ ಹೊತ್ತು ಹೋಗಬೇಡವೇ, ಬಾಗಿಲಲ್ಲಿ ಅವಳ ನೆರಳು ಬಿತ್ತು, ಸರ್ ಒಂದೇ ಫೈಲು, ಅರ್ಧ ಗಂಟೆ ಸಾಕು, ಅರ್ಧ ಉಳಿದುಬಿಟ್ಟಿದೆ, ಬೇಕಾದ್ರೆ ನೀವು ಪಕ್ಕದಲ್ಲೇ ಕೂತಿರಿ. ತಿರುಗಿ ನೋಡಲಿಲ್ಲ, ಒಂದು ತಿಂಗಳು ಅಂದ್ರೆ ಒಂದು ತಿಂಗಳು, ಸೋಮವಾರಕ್ಕೆ ಮುಗಿಯುತ್ತಲ್ಲ, ಸೋಮವಾರ ಬಾ. ಸರಿ ಸರ್ ಅಂದಳು, ಜಗಳ ಕೂಡ ಆಡಲಿಲ್ಲ, ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು, ಆ ಸರಿ ಸರ್ ಈಗ ಪಂಪು ಓಡುವ ಸದ್ದಿನಲ್ಲಿ ಕೇಳುತ್ತದೆ, ಬಸ್ಸಿನ ಬಾಗಿಲು ಮುಚ್ಚಿಕೊಳ್ಳುವಾಗ ಕೇಳುತ್ತದೆ. ಶನಿವಾರ ಅವಳಿಗೆ ಜ್ವರ, ಭಾನುವಾರ ಆಸ್ಪತ್ರೆ, ಸೋಮವಾರ ಪ್ರಜ್ಞೆ ಇಲ್ಲ, ಬುಧವಾರ ಕಾಲೇಜಿಗೆ ಅರ್ಧ ದಿನ ರಜೆ, ಅರ್ಧ ಗಂಟೆ ಕೊಟ್ಟಿದ್ದರೆ ಜ್ವರ ಬಾರದಿರುತ್ತಿತ್ತೇ, ಇಲ್ಲ, ಅವನೇನು ದಡ್ಡನಲ್ಲ, ಸಾವಿಗೂ ಬೀಗಕ್ಕೂ ಸಂಬಂಧವಿಲ್ಲ ಎಂದು ಅವನಿಗೆ ಗೊತ್ತು, ಗೊತ್ತಿರುವುದರಿಂದ ಏನೂ ಪ್ರಯೋಜನವಿಲ್ಲ ಎಂಬುದೂ ಗೊತ್ತು. ತಿಂಗಳಾದ ಮೇಲೆ ತಾಯಿ ಬಂದಿದ್ದಳು, ಲ್ಯಾಬಲ್ಲಿ ನಂಗೋಸ್ಕರ ಏನೋ ಮಾಡ್ತಿದೀನಿ ಅಂತಿದ್ಲು ಸರ್, ಏನಾದ್ರೂ ಇಟ್ಟಿದಾಳಾ, ನಿಮ್ಮ ಹತ್ರ ಬಂದಿದ್ಲಾ. ಇಲ್ಲಮ್ಮ, ಏನೂ ಇಲ್ಲ, ನನ್ನ ಹತ್ರ ಬಂದಿರ್ಲಿಲ್ಲ. ಎಷ್ಟು ಸಲೀಸಾಗಿ ಬಂತು ಆ ಮಾತು, ತೂತಿಗೆ ಅಂಟು ಇಳಿದ ಹಾಗೆ. ನಿನ್ನೆ ಎಲ್ಲರೂ ಊಟಕ್ಕೆ ಹೋದಾಗ ಹದಿನೇಳರ ಮುಂದೆ ಕೂತ, ಬೀಗ ಹಾಕಿದವನ ಹತ್ತಿರ ಕೀಲಿಯೂ ಇರುತ್ತದೆ, ಒಳಗೆ ಹೋದ, ಅವಳದು ಎಂಬ ಒಂದೇ ಫೈಲು ಒಂದು ಆಟ — ಆಟಗಳ ಬಗ್ಗೆ ಅವನಿಗೊಂದು ಅಭಿಪ್ರಾಯವಿತ್ತು, ಮೂರು ಸಲ ಸಾಯಲು ಬಿಟ್ಟು ನಾಲ್ಕನೆಯ ಸಲ ಮೊದಲಿಂದ ಶುರುಮಾಡಿಸುವ ಮೋಸ, ಇದನ್ನೇ ಅಭ್ಯಾಸ ಮಾಡಿಕೊಂಡು ಹುಡುಗರು ಹೊರಗೂ ಹಾಗೇ ಇದೆ ಎಂದುಕೊಳ್ಳುತ್ತಾರೆ, ಎಂದು ಸಹೋದ್ಯೋಗಿಗಳ ಮುಂದೆ ಭಾಷಣ ಬಿಗಿದಿದ್ದ — ಇದರಲ್ಲಿ ಸಾವೇ ಇರಲಿಲ್ಲ. ಮೇಲಿನಿಂದ ಒಂದು ಅಕ್ಷರ ಬೀಳುತ್ತದೆ, ನೆಲ ಮುಟ್ಟುವುದರೊಳಗೆ ಕೀಲಿಮಣೆಯಲ್ಲಿ ಅದನ್ನು ಒತ್ತಬೇಕು, ತಪ್ಪಿದರೆ ಅದೇ ಅಕ್ಷರ ಮತ್ತೆ ಮೇಲಿನಿಂದ, ಎಷ್ಟು ಸಲ ತಪ್ಪಿದರೂ ಮತ್ತೆ, ಒಂದೊಂದು ಅಕ್ಷರಕ್ಕೂ ಅವಳ ದನಿ, ಅಮ್ಮಾ, ಎಡಗೈ ಕಿರುಬೆರಳು, ಎ. ಪಕ್ಕದ್ದು, ಎಸ್. ಅದಲ್ಲ, ಅದರ ಪಕ್ಕದ್ದು, ನನಗೆ ಲೆಕ್ಕ ಹೇಳಿಕೊಡೋವಾಗ ತಲೆಗೆ ಮೊಟಕ್ತಿದ್ದೆಯಲ್ಲ, ಈಗ ನೋಡು. ತಾಯಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು, ಟೈಪಿಂಗ್ ಬಂದರೆ ಚೀಟಿ ಕೊಡುವ ಕೌಂಟರಿನಲ್ಲಿ ಕೂರಿಸುತ್ತೇವೆ ಎಂದಿದ್ದರಂತೆ, ಅದಕ್ಕೆ ಮಗಳ ಪಾಠ, ಎಡಗೈಯ ಹದಿನೈದು ಅಕ್ಷರ, ಹದಿನೈದಕ್ಕೂ ದನಿ, ಆಮೇಲೆ ಪರದೆಯ ಮೇಲೆ ಬಲಗೈ ಎಂದು ಬಂತು, ಜೆ ಬಿತ್ತು, ದನಿಯಿಲ್ಲ, ಮೆತ್ತಗೆ ಇಳಿದು ನೆಲ ಮುಟ್ಟಿತು, ಮತ್ತೆ ಮೇಲಿಂದ ಜೆ, ದನಿಯಿಲ್ಲ, ಉಳಿದ ಹನ್ನೊಂದಕ್ಕೆ ಬೇಕಾಗಿದ್ದದ್ದು ಅರ್ಧ ಗಂಟೆ, ಅವಳ ಲೆಕ್ಕದಲ್ಲಿ ಒಬ್ಬರ ಹತ್ತಿರ ಇರಬೇಕಾದ್ದು ಇಲ್ಲದ ಹಾಗಾದರೆ ಅದು ಕಳ್ಳತನ, ಹಾಗಾದರೆ ಕಳ್ಳ ಯಾರು, ಕೂತು ನೋಡಿದ, ಊಟದ ಗಂಟೆ ಮುಗಿಯುವ ತನಕ ನೋಡಿದ, ಅದೇ ಜೆ.

ಸರ್, ಸಹಿ, ಎಂದು ಬಾಗಿಲಲ್ಲಿ ದನಿ. ಬಂದೇಬಿಟ್ಟಳು, ಬೆಂಚಿನಲ್ಲಿ ಕೂರುವ ತಾಳ್ಮೆ ಎಷ್ಟು ಹೊತ್ತು ಇರುತ್ತದೆ, ಕೈಯಲ್ಲಿ ಮಡಿಸಿ ಮಡಿಸಿ ಮೆತ್ತಗಾದ ಕಾಗದ, ಸೋಪಿನ ನೀರಿಗೆ ಸಿಪ್ಪೆ ಎದ್ದ ಬೆರಳುಗಳು, ಅವನು ಪರದೆಗಳಿಗೆ ಅಡ್ಡ ನಿಂತ, ಒಬ್ಬ ಮನುಷ್ಯ ಎಷ್ಟು ಪರದೆಗೆ ಅಡ್ಡ ನಿಲ್ಲಬಲ್ಲ, ಎರಡಕ್ಕೆ, ಉಳಿದ ಮೂವತ್ತೆಂಟನ್ನು ಅವಳು ನೋಡಿದಳು, ಸಾಲು ಸಾಲಾಗಿ ನೋಡಿದಳು, ಎಲ್ಲಾದರೂ ಒಂದು ಬೇರೆ ಇರಬಹುದು ಎಂಬಂತೆ. ಕೂಗಲಿಲ್ಲ. ಇಷ್ಟೊಂದು ಯಾಕೆ ಸರ್ ಹಾಕಿದೀರಿ, ಅಂದಳು. ಹಾಕಿದ್ದಲ್ಲಮ್ಮ, ಆಗಿಹೋಯ್ತು, ನನ್ನ ತಪ್ಪು. ಚೆನ್ನಾಗಿದೆ ಫೋಟೋ, ಒಂದು ಕಿವಿ ಯಾಕೆ ಬಿಟ್ಟಿದಾಳೆ. ನನ್ನ ಚಪ್ಪಲಿ ಸದ್ದು ಕೇಳಿಸ್ಕೊಳ್ಳೋಕೆ ಇರ್ಬೇಕು, ನಾನು ಬರ್ತಿದ್ದ ಹಾಗೇ ಎಲ್ಲ ಮುಚ್ಚಿ ಓದೋ ಹಾಗೆ ಕೂರ್ತಿದ್ರು, ಅಂದ, ಅವಳ ತುಟಿ ಒಂದಿಷ್ಟು ನಗುವಿನ ಕಡೆಗೆ ಹೋಗಿ ವಾಪಸು ಬಂತು, ಆಗ ಹೇಳಿದ, ಪೆನ್ನು ಕೈಯಲ್ಲಿತ್ತು, ಸಹಿಯ ಮೊದಲ ಅಕ್ಷರ ಹಾಕಿಯೂ ಆಗಿತ್ತು, ಅಮ್ಮ, ಅವತ್ತು ಕೇಳಿದ್ರಲ್ಲ, ಅವಳು ಬಂದಿದ್ಲಾ ಅಂತ, ಬಂದಿದ್ಲು. ಯಾವತ್ತು. ಶುಕ್ರವಾರ. ಏನು ಕೇಳಿದ್ಲು. ಅರ್ಧ ಗಂಟೆ. ನೀವೇನಂದ್ರಿ. ಸೋಮವಾರ ಬಾ ಅಂದೆ. ಈಗ ಹೊಡೆಯುತ್ತಾಳೆ, ಹೊಡೆಯಲಿ, ಹೊಡೆದರೆ ಒಂದು ಕೆಲಸ ಮುಗಿದ ಹಾಗೆ, ಅವಳು ಕಾಗದವನ್ನು ಅವನ ಪೆನ್ನಿನ ಕೆಳಗಿಂದ ಎಳೆದುಕೊಂಡು ಮತ್ತೊಂದು ಮಡಿಕೆ ಮಡಿಸಿದಳು, ನಾನೂ ಹಾಗೇ ಅಂತಿದ್ದೆ ಸರ್, ಕಲೀ ಅಮ್ಮ ಕಲೀ ಅಮ್ಮ ಅಂತ ಹಿಂದೆ ಬೀಳ್ತಿದ್ಲು, ಭಾನುವಾರ ಕೂತ್ಕೋತೀನಿ ಬಿಡೇ ಅಂತಿದ್ದೆ, ಎಷ್ಟು ಭಾನುವಾರ ಅಂದೆನೋ. ಅವನು ಜೇಬಿನಿಂದ ಪೆನ್ ಡ್ರೈವ್ ತೆಗೆದ, ಮುಖ್ಯಸ್ಥರದು, ಅವರ ಮೇಜಿನ ಅಂಟಿಲ್ಲದ ತೂತಿನಿಂದಲೇ ಬೆಳಿಗ್ಗೆ ತುಂಬಿಕೊಂಡು ಬಂದದ್ದು, ಇದರಲ್ಲಿದೆ ತಗೊಳ್ಳಿ, ಅವಳ ದನಿ ಇದೆ, ಪೂರ್ತಿ ಇಲ್ಲ. ಇದನ್ನೆಲ್ಲಿ ಹಾಕ್ಲಿ ಸರ್, ನಮ್ಮನೇಲಿ ಕಂಪ್ಯೂಟರ್ ಎಲ್ಲಿದೆ, ಇಲ್ಲೇ ಕೇಳಿಸಿ. ಪೂರ್ತಿ ಇಲ್ಲಮ್ಮ, ಅರ್ಧಕ್ಕೆ ನಿಂತುಹೋಗುತ್ತೆ, ಆಮೇಲೆ ನಿಮಗೆ — ನಿಂತ್ರೆ ನಿಲ್ಲಲಿ, ಇದ್ದಷ್ಟು ಕೇಳಿಸಿ.

ಹದಿನೇಳರ ಮುಂದೆ ಕೂರಿಸಿದ, ಕುರ್ಚಿಯ ಎತ್ತರ ಇಳಿಸಿದ, ಹೆಡ್‌ಫೋನು ಕೊಟ್ಟರೆ ಬೇಡ ಎಂದಳು, ಹೊರಗೇ ಬರಲಿ ಎಂದಳು, ಬೀಗ ತೆಗೆದ, ಒಂದು ಕಡೆ ಮುಖ ಮರೆಯಾಗಿ ಮೂವತ್ತೊಂಬತ್ತು ಉಳಿದವು, ಅಮ್ಮಾ, ಎಡಗೈ ಕಿರುಬೆರಳು — ಕೈ ಎತ್ತಿಬಿಟ್ಟಳು ಬಿಸಿ ತಾಗಿದ ಹಾಗೆ, ಮತ್ತೆ ಇಟ್ಟಳು, ಎ ಇಳಿದು ಬಂತು, ತಪ್ಪಿತು, ಮತ್ತೆ ಬಂತು, ಒತ್ತಿದಳು, ಹಾಂ, ಹಾಗೆ. ಅವನು ಹಿಂದೆ ನಿಂತು ಎಣಿಸುತ್ತಿದ್ದಾನೆ, ಎಸ್ ಆಯಿತು, ಡಿ ಆಯಿತು, ಸಿಪ್ಪೆ ಎದ್ದ ಬೆರಳು ಹುಡುಕುತ್ತ ಹುಡುಕುತ್ತ ಹೋಗುತ್ತದೆ, ನಿಧಾನ ಅಮ್ಮ, ಯಾರೂ ಓಡಿಸ್ಕೊಂಡು ಬರ್ತಿಲ್ಲ, ಅನ್ನುತ್ತದೆ ಮಗಳ ದನಿ, ಎಂಟು ಆಯಿತು, ಒಂಬತ್ತು, ಕಾರಿಡಾರಿನಲ್ಲಿ ಮುಖ್ಯಸ್ಥರ ಕೆಮ್ಮು, ಆಯ್ತೇನ್ರೀ ಒರೆಸೋದು. ಆಗ್ತಿದೆ ಸರ್, ಅನ್ನುತ್ತಾನೆ, ಹೋಗಿ ಬಾಗಿಲು ಹಾಕಿ ಚಿಲಕ ಏರಿಸುತ್ತಾನೆ, ಹಿಂದಿರುಗಿದಾಗ ಹನ್ನೆರಡು, ಈಗಲೇ ನಿಲ್ಲಿಸಿಬಿಡಲೇ, ಕರೆಂಟು ಹೋಯಿತಮ್ಮ ಅನ್ನಲೇ, ಇನ್ನೊಂದು ಸುಳ್ಳು, ಹದಿಮೂರು, ತಾಯಿಯ ಬೆನ್ನು ಈಗ ನೆಟ್ಟಗಾಗಿದೆ, ತಪ್ಪಿದಾಗ ಬೈಸಿಕೊಂಡು, ಆಯ್ತು ಕಣೇ ಗೊತ್ತಾಯ್ತು ಎಂದು ಪರದೆಗೇ ಉತ್ತರ ಕೊಡುತ್ತಿದ್ದಾಳೆ, ಹದಿನಾಲ್ಕು, ಅಮ್ಮಾ, ಹೆಬ್ಬೆರಳಲ್ಲ, ತೋರುಬೆರಳನ್ನೇ ಕೆಳಗೆ ತಾ, ಬಿ, ಒತ್ತಿದಳು, ಹದಿನೈದು, ಶಭಾಷ್, ಇನ್ನು ಬಲಗೈ ತಗೊಂಡು ಬಾ, ಅಂದಿತು ದನಿ, ತಂದಳು, ಇಷ್ಟು ಹೊತ್ತು ಮಡಿಲಲ್ಲಿದ್ದ ಕೈಯನ್ನು ಸೆರಗಿಗೆ ಒರೆಸಿ ಕೀಲಿಗಳ ಮೇಲೆ ಇಟ್ಟಳು, ಜೆ ಇಳಿಯುತ್ತಿದೆ, ಯಾವುದೆಂದು ಅವಳಿಗೆ ಗೊತ್ತು, ಬೆರಳು ಸರಿಯಾಗಿ ಅದರ ಮೇಲೇ ಇದೆ, ಒತ್ತುತ್ತಿಲ್ಲ, ತಲೆಯನ್ನು ಸ್ವಲ್ಪ ಓರೆ ಮಾಡಿ ಕಾಯುತ್ತಿದ್ದಾಳೆ, ಜೆ ನೆಲ ಮುಟ್ಟಿತು, ಒತ್ತಿಬಿಡಿ ಅಮ್ಮ ಎಂದು ಹೇಳಬೇಕು, ಹೇಳಲು ತಾನ್ಯಾರು, ಮತ್ತೆ ಮೇಲಿಂದ ಜೆ, ಅವಳು ಕಾಯುತ್ತಿದ್ದಾಳೆ, ಮೆತ್ತಗೆ ಇಳಿಯುತ್ತಿದೆ, ನೆಲ ಮುಟ್ಟಿತು, ಮತ್ತೆ ಜೆ, ಬೆರಳು ಕೀಲಿಯ ಮೇಲೆ, ದನಿಯಿಲ್ಲ, ಜೆ, ಇಳಿಯುತ್ತಿದೆ, ಜೆ