ಕಣ್ಣು ಮುಚ್ಚಿ ಹೊಲಿದ ಅಂಚು

ಮದುವೆ ಗೌನಿನ ಅಂಚು ಮುಗಿಯಿತೆಂದು ದರ್ಜಿಯಾಕೆ ಅದನ್ನೆತ್ತಿಕೊಂಡು ಎದ್ದಳು. ಗೌನಿನ ಜೊತೆಗೆ ಅವಳ ಸ್ಕರ್ಟೂ ಮೊಣಕಾಲಿನ ಮೇಲಕ್ಕೆ ಎದ್ದು ಬಂತು. ಕೊಡವಿದಳು, ಎಳೆದಳು, ಎರಡೂ ಜಗ್ಗಲಿಲ್ಲ. ಬಿಳಿ ಸ್ಯಾಟಿನ್ನೂ ಅವಳ ನೀಲಿ ಸ್ಕರ್ಟೂ ಗೇಣುದ್ದ ಒಂದೇ ಹೊಲಿಗೆಯಲ್ಲಿ ಸೇರಿಕೊಂಡಿದ್ದವು.

"ಅತ್ತೇ!"

ಪಕ್ಕದಲ್ಲಿ ಗುಂಡಿ ಹಾಕುತ್ತ ಕೂತಿದ್ದ ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದ್ಯಾವ ಫ್ಯಾಷನ್ನೇ? ಮದುಮಗಳ ಹಿಂದೆ ನೀನೂ ಚರ್ಚೊಳಗೆ ಹೋಗ್ತೀಯಾ?"

ತಪ್ಪೆಲ್ಲ ಭಾನುವಾರ ಚರ್ಚಿನಲ್ಲಿ ಕೇಳಿದ ಪ್ರಸಂಗದ್ದು. ಯಾವ ಕೆಲಸ ಮಾಡುವಾಗಲೂ ಮನಸ್ಸು ದೇವರನ್ನು ಬಿಟ್ಟು ಆಚೀಚೆ ಹೋಗಬಾರದೆಂದು ಪಾದ್ರಿಗಳು ಹೇಳಿದ್ದರು. ಮಿಕ್ಕವರು ತಲೆಯಾಡಿಸಿ ಮನೆಗೆ ಹೋದರು. ಯಾವುದನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲದ ಈ ಪುಣ್ಯಾತ್ಗಿತ್ತಿ ಮಾತ್ರ ಹಟ ಹಿಡಿದಳು. ಸೋಮವಾರ ಹಾಲು ಉಕ್ಕಿ ಒಲೆ ತೊಳೆಯಿತು. ಮಂಗಳವಾರ ಅತ್ತೆಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಜಡಿದು ಹೋಗಿದ್ದಳು. ಇಂದು ಮದುಮಗಳ ಸಂಸಾರ ಸುಖವಾಗಿರಲೆಂದು ಬೇಡುತ್ತ ಬೇಡುತ್ತ ಭಕ್ತಿ ಹೆಚ್ಚಾಗಿ ಕಣ್ಣು ಮುಚ್ಚಿಕೊಂಡಿತ್ತು. ಕಾಲು ಮಾತ್ರ ಮಷೀನು ತುಳಿಯುತ್ತಲೇ ಇತ್ತು.

"ಇನ್ನೇನು ಹುಡುಗಿ ಬಂದ್ಬಿಡ್ತಾಳೆ ಅತ್ತೆ. ಇಲ್ಲಿಂದ ನೇರ ಚರ್ಚಿಗೆ. ಸ್ಯಾಟಿನ್ ಹರಿದ್ರೆ ಏನ್ಮಾಡ್ಲಿ?"

ದರ್ಜಿಯಾಕೆಯ ಕಣ್ಣು ತುಂಬಿ ಬಂತು. ತಾಯಿಯಿಲ್ಲದ ಹುಡುಗಿ. 'ನೀವೇ ಹೊಲೀಬೇಕು ಆಂಟಿ' ಎಂದು ನಂಬಿ ಬಟ್ಟೆ ಕೊಟ್ಟು ಹೋಗಿದ್ದಳು. ಅವಳಿಗೆ ಹೇಗೆ ಮುಖ ತೋರಿಸುವುದು?

"ಮೊದ್ಲು ಆ ಸ್ಕರ್ಟಿಂದ ಈಚೆ ಬಾ" ಎಂದ ಅತ್ತೆ ಎದ್ದು ಬಾಗಿಲಿಗೆ ಚಿಲಕ ಹಾಕಿದರು.

ಸೊಂಟಕ್ಕೆ ಮೇಜಿನ ಹೊದಿಕೆ ಸುತ್ತಿಕೊಂಡು ಕೂತು, ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ಅತ್ತೆ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡರು. ಬ್ಲೇಡು ಒಂದು ಕೂದಲೆಳೆ ಜಾರಿದರೂ ಸ್ಯಾಟಿನ್ನಿನ ಕಥೆ ಮುಗಿದಂತೆ.

"ಏನೇ, ಪ್ರಾರ್ಥನೆ ನಿಂತ್ಹೋಯ್ತಾ?"

"ಅಲ್ಲಾಡಿಸ್ಬೇಡಿ ಅತ್ತೆ."

ಇನ್ನೊಂದು ಮಾತು ಅತ್ತೆಯ ನಾಲಗೆಯ ತುದಿಯಲ್ಲೇ ಇತ್ತು. ಸೊಸೆಯ ಮುಖ ನೋಡಿ ನುಂಗಿಕೊಂಡರು. ಆ ಮುಖ ಇಷ್ಟು ಶಾಂತವಾಗಿ ಒಂದೇ ಕಡೆ ನೆಟ್ಟಿದ್ದನ್ನು ಅವರು ಚರ್ಚಿನಲ್ಲೂ ಕಂಡಿರಲಿಲ್ಲ.

ಸ್ಕರ್ಟು ಬೇರೆಯಾಯಿತು. ಸ್ಯಾಟಿನ್ನಿನ ಮೇಲೆ ಉಳಿದ ಸಣ್ಣ ತೂತುಗಳಲ್ಲೇ ಸೂಜಿ ತೂರಿಸಿ, ಅಂಚನ್ನು ಕೈಯಿಂದ ಹೊಲಿದು ಗಂಟು ಹಾಕುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಗೌನು ಹುಡುಗಿಗೆ ಅಳತೆ ತಪ್ಪದೆ ಕೂತಿತು. ಅವಳು ಕನ್ನಡಿಯ ಮುಂದೆ ಒಮ್ಮೆ ತಿರುಗಿದಳು. ನಗಲು ಹೋಗಿ ಅತ್ತಳು. ದರ್ಜಿಯಾಕೆಯ ಸೊಂಟದಲ್ಲಿದ್ದ ಮೇಜಿನ ಹೊದಿಕೆ ಅವಳ ಕಣ್ಣಿಗೆ ಬೀಳಲೇ ಇಲ್ಲ.

"ಅಮ್ಮ ಇದ್ದಿದ್ರೆ ಪ್ರಾರ್ಥನೆ ಮಾಡಿ ಕಳಿಸ್ತಿದ್ರು. ನೀವು ಮಾಡ್ತೀರಾ ಆಂಟಿ?"

ಗೌನಿನ ತೋಳಿನಲ್ಲಿ ಇಣುಕುತ್ತಿದ್ದ ದಾರ ಕತ್ತರಿಸುತ್ತಿದ್ದ ದರ್ಜಿಯಾಕೆ ಕೆಲಸ ನಿಲ್ಲಿಸಿದಳು. ಹುಡುಗಿಯ ಬಾಗಿದ ತಲೆಯ ಮೇಲೆ ಎಡಗೈ ಇಟ್ಟು ಕಣ್ಣು ಮುಚ್ಚಿದಳು.

ಬಲಗೈಯಲ್ಲಿದ್ದ ಕತ್ತರಿಯನ್ನು ಅತ್ತೆ ಸದ್ದಿಲ್ಲದೆ ಬಿಡಿಸಿಕೊಂಡು, ತಾವೂ ಕಣ್ಣು ಮುಚ್ಚಿದರು.