ಬಳೆಚೂರಿನ ಬೈರಯ್ಯ

ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ್ದ ನಾಲ್ವರು ಪಟೇಲ ತಿಮ್ಮಪ್ಪನ ಕೂಗಿಗೆ ಹಾಗೇ ನಿಂತರು.

“ಎತ್ತಬ್ಯಾಡ್ರಲಾ! ನನ್ ಮಗಳ ತಾಳಿ ತಿಂದೋನ ಎಣ ಅದು.”

ಸತ್ತ ಬೈರಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮ ಓಡಿಬಂದು ಪಟೇಲನ ಕಾಲು ಹಿಡಿದಳು. “ಬುದ್ಧಿ, ನೆನ್ನೆ ಆವು ಕಚ್ಚಿದ್ದು. ಮೈ ಊದ್ಕತಾ ಅದೆ. ಮಣ್ಣಿಗಾಕ್ಬುಡ್ಲಿ.”

“ಎಲ್ಲಿ ಕಚ್ತು? ಅದ್ನೇಳು ಊರಿಗೆ!”

ಹೇಳಬೇಕಾಗಿರಲಿಲ್ಲ. ಗಂಡ ಸತ್ತವರ ಬಳೆ ಒಡೆದು ಚೂರು ಸುರಿಯುವ, ಕೆರೆಯಾಚೆಯ ಗುಂಡಿಯಲ್ಲಿ ಬೈರಯ್ಯ ಬಿದ್ದಿದ್ದನ್ನು ಊರೆಲ್ಲ ನೋಡಿತ್ತು. ಪಕ್ಕದಲ್ಲಿ ಚೂರು ಅರ್ಧ ತುಂಬಿದ ಚೀಲ.

ದ್ಯಾವಯ್ಯ ಪಕ್ಕದವನ ಕಿವಿಯಲ್ಲಿ ಉಸುರಿದ: “ಪಟೇಲನ ಅಳಿಯ ಸತ್ತಿದ್ದು ಪಿಲೇಗಿಗೆ ಕಣ್ಲಾ, ಬಳೆಗಲ್ಲ.”

“ಓಗಿ ಅವ್ನಿಗೇ ಏಳು. ನಾಳೆ ನಿನ್ ಚಟ್ಟಾನ ನೀನೇ ಒತ್ಕಂಡ್ ಓಗೀಯೆ.”

*

ಬೈರಯ್ಯ ದಂಡಿಗನಹಳ್ಳಿಯ ಸುತ್ತ ಕಡಲೆಪುರಿ ಕೊಟ್ಟು ಬಳೆಚೂರು ಕೊಳ್ಳುತ್ತಿದ್ದ. ಹಸಿರು ಬೇರೆ, ಕೆಂಪು ಬೇರೆ ಮಾಡಿ, ತೊಳೆದು, ಚನ್ನರಾಯಪಟ್ಟಣದ ಸಂತೆಗೆ ಹೊರುತ್ತಿದ್ದ. ಅಲ್ಲಿಂದ ಚೂರು ಕುಲುಮೆಗೆ ಹೋಗಿ, ಕರಗಿ, ಹೊಸ ಬಳೆಯಾಗಿ ಇದೇ ಊರುಗಳ ಹೆಣ್ಣುಮಕ್ಕಳ ಕೈಗೆ ಬರುತ್ತಿತ್ತು. ಯುದ್ಧ ಶುರುವಾಗಿ ಬಳೆ ತುಟ್ಟಿಯಾಯಿತು. ಹೆಂಗಸರು ಜೋಪಾನವಾಗಿ ತೊಟ್ಟರು. ಚೂರಿಲ್ಲದೆ ಬೈರಯ್ಯನ ಒಲೆ ಹೊತ್ತಲಿಲ್ಲ. ಆಗ ಗುಂಡಿಗಿಳಿದ.

“ಬ್ಯಾಡ ಕಣ, ರಂಡೇರ ಬಳೆ ಅವು,” ಎಂದಿದ್ದಳು ಚಿಕ್ಕಲಕ್ಷ್ಮಮ್ಮ.

“ಬೆಂಕೀಲಿ ಕರಗುದ್ ಮ್ಯಾಲೆ ಮುತ್ತೈದೆ ಯಾವ್ದು, ರಂಡೆ ಯಾವ್ದು? ಗಾಜಿಗೆ ಗಂಡ ಇದ್ದಾನೇನೇ?” ಎಂದು ಬೈರಯ್ಯ ನಕ್ಕಿದ್ದ.

*

“ಇವ್ಳ ಬಳೆ ಒಡೀರಿ,” ಎಂದ ಪಟೇಲ. “ಒರಳಿಗಾಕಿ ಇವ್ಳೇ ಕುಟ್ಲಿ. ಹಿಟ್ಟಾಗ್ಬೇಕು. ನನ್ ಮಗಳ ಕೈಗೆ ಬಂದಂಗೆ ಇನ್ನೊಬ್ಳ ಕೈಗೆ ಓಗ್ಬಾರ್ದು. ಆಮ್ಯಾಕೆ ಎಣ ಎತ್ತಿ.”

ಪಟೇಲನ ಹೆಂಡತಿ ದೊಡ್ಡತಾಯಮ್ಮ ಚಿಕ್ಕಲಕ್ಷ್ಮಮ್ಮನ ಕೈಗಳನ್ನು ಕಲ್ಲಿಗೆ ಬಡಿದು, ಚೂರು ಬಳಿದು ಒರಳಿಗೆ ಹಾಕಿದಳು. ಚಿಕ್ಕಲಕ್ಷ್ಮಮ್ಮ ಒನಕೆ ಎತ್ತಿದಳು. ಹೆಣದ ಮೇಲೆ ನೊಣ ಮುತ್ತಿದ್ದವು. ಅವಳು ನಿಲ್ಲಿಸಿದಾಗಲೆಲ್ಲ ಪಟೇಲ ಒರಳಲ್ಲಿ ಕಡ್ಡಿಯಾಡಿಸಿ ನೋಡಿದ.

“ಇನ್ನೂ ತರಿ ಅದೆ. ಕುಟ್ಟು.”

ಬಿಸಿಲು ಇಳಿದ ಮೇಲೆ ಆ ಪುಡಿಯನ್ನು ತಿಪ್ಪೆಗೆ ತೂರಿಸಿದರು. ಚಟ್ಟ ಎದ್ದಿತು. ಹಿಂದೆಯೇ ಹೊರಟ ಚಿಕ್ಕಲಕ್ಷ್ಮಮ್ಮನ ರಟ್ಟೆಯನ್ನು ದೊಡ್ಡತಾಯಮ್ಮ ಹಿಡಿದೆಳೆದಳು. ಬೆವೆತ ಮುಂಗೈಗಳ ಸುತ್ತ ಹಸಿರು ಪುಡಿ ಮಿನುಗುತ್ತಿತ್ತು.

“ಲೌಡಿ! ಮತ್ತೆ ತೊಟ್ಕಂಡಿದ್ದೀಯಾ?”

ಒಲೆಯ ಬೂದಿ ತಂದು ಅವಳ ಮುಂಗೈಗಳಿಗೆ ತಿಕ್ಕಿದಳು. ಪುಡಿ ಉದುರಲಿಲ್ಲ, ಚರ್ಮಕ್ಕಿಳಿಯಿತು. ತಮಟೆ ಕೆರೆಯೇರಿ ದಾಟುವಷ್ಟರಲ್ಲಿ ಚಿಕ್ಕಲಕ್ಷ್ಮಮ್ಮನ ಎರಡೂ ಮುಂಗೈಗಳ ಸುತ್ತ ಒಂದರ ಪಕ್ಕ ಒಂದು ಕೆಂಪು ಗೆರೆಗಳು ಎದ್ದಿದ್ದವು.